ಸ್ವರ ತುಂಡಾಗುವ ಜಾಗ

ಅಕ್ಕನ ಕೆಲಸ ಎಂಥದ್ದು ಅಂತ ಕೇಳಿದವರಿಗೆಲ್ಲ ನಗು. ಒಂಟಿ ವಾದ್ಯದ ರೆಕಾರ್ಡಿಂಗನ್ನು ಪರದೆಯ ಮೇಲೆ ಹರಡಿಕೊಂಡು, ಪ್ರತಿ ಸ್ವರ ಎಲ್ಲಿ ಹುಟ್ಟಿತು, ಎಲ್ಲಿ ಸತ್ತಿತು ಅಂತ ಗೆರೆ ಎಳೆದು ಅದರ ಉದ್ದ ಅಳೆಯೋದು. "ಗಾಳಿ ಗುದ್ದಿ ಮೈ ನೋಯಿಸಿಕೊಳ್ಳೋದಕ್ಕೂ ಸಂಬಳಾನಾ?" ಅಂತ ತಮ್ಮನೇ ಛೇಡಿಸುತ್ತಿದ್ದ. ಅವನು ಪಿಟೀಲಿನವನು, ಹೆಸರುವಾಸಿ.

"ನಿಮ್ಮ ತಮ್ಮನ ಉದ್ದ ಸ್ವರಗಳು ಕೊನೆಯಲ್ಲಿ ಒಂದು ಕೂದಲೆಳೆ ಮೊದಲೇ ತುಂಡಾಗುತ್ತವೆ. ಏನು ಶೈಲಿ ರೀ!" ಅಂತ ಅಕ್ಕ ಕೆಲಸ ಮಾಡೋ ಪ್ರಯೋಗಾಲಯದ ಮುಖ್ಯಸ್ಥರು ಕೊಂಡಾಡುತ್ತಿದ್ದರು.

ಶೈಲಿಯಂತೆ ಶೈಲಿ! ಅದು ಅಪ್ಪನ ಬೆತ್ತ. ಆ ಪುಣ್ಯಾತ್ಮ ಇಬ್ಬರಿಗೂ ಪಿಟೀಲು ಪಾಠ ಹೇಳುವಾಗ ಹಿಂದೆ ನಿಂತು ಎಣಿಸುತ್ತಿದ್ದ. ಎಂಟು ಎಣಿಸೋವರೆಗೂ ಸ್ವರ ನಿಲ್ಲಬೇಕು, ಇಲ್ಲದಿದ್ದರೆ ಮೀನಖಂಡಕ್ಕೆ ಏಟು. ಏಟು ಬೀಳುತ್ತೆ ಅಂತ ಏಳಕ್ಕೇ ಮೈ ಮುದುಡೋದು, ಮೈ ಮುದುಡಿದರೆ ಕಮಾನು ಹಾರೋದು, ಕಮಾನು ಹಾರಿದರೆ ಏಟು. ಅಕ್ಕ ಒಂದು ದಿನ ಪಿಟೀಲನ್ನು ಗೋಡೆಗೆ ಬಡಿದು ಒಡೆದು ಹಾಕಿದಳು. ಅವತ್ತು ತಿಂದ ಹೊಡೆತಕ್ಕೆ ಎಡಗಿವಿ ಇವತ್ತಿಗೂ ಮಂದ. ತಮ್ಮ ಮಾತ್ರ ತಿಂದು ತಿಂದೇ ದೊಡ್ಡವನಾದ. ಅಪ್ಪ ಸತ್ತಾಗ ಇಬ್ಬರೂ ಅಳಲಿಲ್ಲ. "ನನ್ನ ಮಗಳ ಮೈ ಮುಟ್ಟಲ್ಲ ಕಣೇ ಅಕ್ಕಾ," ಅಂತ ಅವತ್ತೇ ತಮ್ಮ ಆಣೆ ಮಾಡಿದ್ದ.

ಒಂದು ಬೆಳಿಗ್ಗೆ ಆ ಮಗಳ ರೆಕಾರ್ಡಿಂಗೇ ಅಳತೆಗೆ ಬಂತು. ಅಕ್ಕ ಹೆಮ್ಮೆಯಿಂದ ಗೆರೆ ಎಳೆಯಲು ಕೂತಳು. ಚಿಕ್ಕ ಸ್ವರಗಳೆಲ್ಲ ಸರಿ. ಉದ್ದದವು ಮಾತ್ರ ಒಂದೊಂದೂ ಕೊನೆಯಲ್ಲಿ ತುಂಡು. ಹುಡುಗಿ ಅವಳಪ್ಪನನ್ನು ನೋಡಿ ಕಲಿತಿರಬೇಕು ಅಂತ ತನಗೇ ಸಮಾಧಾನ ಹೇಳಿಕೊಂಡು, ಹೆಡ್‌ಫೋನ್ ಹಾಕಿ ಕೇಳಿದಳು. ಸ್ವರ ತುಂಡಾದ ಕಡೆಯೆಲ್ಲ ಹುಡುಗಿ ಗಕ್ಕನೆ ಉಸಿರು ಹಿಡಿಯೋದು ಕೇಳಿಸಿತು. ಹಾಗೆ ಉಸಿರು ಹಿಡಿಯೋದನ್ನ ಯಾರೂ ನೋಡಿ ಕಲಿಯೋದಿಲ್ಲ.

ಅಕ್ಕ ನೆಟ್ಟಗೆ ತಮ್ಮನ ಮನೆಗೆ ಹೋಗಿ ಬಾಗಿಲು ಒದ್ದುಕೊಂಡೇ ನುಗ್ಗಿದಳು. ಪಾಠದ ಕೋಣೆಯಲ್ಲಿ ಹುಡುಗಿ ನುಡಿಸುತ್ತಿದ್ದಳು. ಹಿಂದೆ ತಮ್ಮ, ಕೈಯಲ್ಲಿ ಬೆತ್ತ.

"ಥೂ, ನಿನ್ನ ಜನ್ಮಕ್ಕಿಷ್ಟು ಬೆಂಕಿ ಹಾಕ! ಆಣೆ ಏನಾಯ್ತೋ?"

"ಏಟು ಬೀಳದೆ ವಿದ್ಯೆ ಬರುತ್ತೇನೇ? ನಂಗೆ ಬಂದಿದ್ದು ಹೇಗೆ? ನೀನು ತಪ್ಪಿಸಿಕೊಂಡು ಹೋಗಿ ಏನಾದೆ? ಗೆರೆ ಎಳೀತಾ ಕೂತಿದೀಯ!"

ಉರಿಯೋ ಬೆಂಕಿಗೆ ತುಪ್ಪ ಸುರಿದಂತಾಯಿತು. ಅವಳು ಬೆತ್ತಕ್ಕೆ ಕೈ ಹಾಕಿದಳು. ಅವನು ತಳ್ಳಿದ ರಭಸಕ್ಕೆ ಬಾಗಿಲ ಚೌಕಟ್ಟು ಬಡಿದು ಹುಬ್ಬು ಸೀಳಿತು. ರಕ್ತ ಕಣ್ಣಿಗೆ ಇಳಿಯುತ್ತಿದ್ದರೂ ಎದ್ದು ಅವನ ಮುಂಗೈ ಕಚ್ಚಿದಳು. ಬೆತ್ತ ಕೈಗೆ ಬಂತು. ಮುಖಕ್ಕೊಂದು, ಭುಜಕ್ಕೊಂದು, ಕಮಾನು ಹಿಡಿಯೋ ಬೆರಳಿಗೊಂದು. ಬೆರಳು ಲಟಕ್ ಅಂದಿತು. ತಮ್ಮ ಗೋಡೆಗೆ ಒರಗಿ ಕುಸಿದು, ತಲೆಗೆ ಕೈ ಅಡ್ಡ ಹಿಡಿದು, "ಬೇಡಪ್ಪಾ, ಅಪ್ಪಾ, ಬೇಡ," ಅಂತ ಗೋಗರೆದ.

ಅಯ್ಯೋ ಅನ್ನಿಸಿತು ಅಕ್ಕನಿಗೆ. ಆದರೂ ಕೈ ನಿಲ್ಲಲಿಲ್ಲ. ಬೆತ್ತ ಮತ್ತೆ ಮೇಲೆದ್ದಿತು.

ಹುಡುಗಿ ಪಿಟೀಲನ್ನು ಮೇಜಿನ ಮೇಲೆ ಜೋಪಾನವಾಗಿ ಇಟ್ಟು ಇಬ್ಬರ ನಡುವೆ ಬಂದಳು. ಅಳಲಿಲ್ಲ. ಅತ್ತೆಗೆ ಬೆನ್ನು ಮಾಡಿ ನಿಂತು, ಲಂಗವನ್ನು ಮೊಣಕಾಲಿನ ತನಕ ಎತ್ತಿ ಹಿಡಿದಳು.

"ಅಪ್ಪನಿಗೆ ನಾಳೆ ಕಾರ್ಯಕ್ರಮ ಇದೆ ಅತ್ತೆ," ಅಂದಳು. "ಇಲ್ಲಿಗೆ ಹೊಡೀರಿ."