ಬೆಟ್ಟದಾಚೆಯ ಶಿಳ್ಳೆ

ಶಿಳ್ಳೆ ಹಾಕಿ ಗಾಳಿ ಕರೆಯುವವರ ತಲೆ ತೆಗೆಯಬೇಕೆಂದು ಖಾನ್ ಆಜ್ಞೆ ಹೊರಡಿಸಿದ್ದ. ಸವಾರರು ಬೆನ್ನಟ್ಟಿದಾಗ ಎರ್ಮೆಕ್ ಹಿಮಗಾಳಿ ಎಬ್ಬಿಸಿ ಅವರನ್ನು ತಡೆದು ಬೆಟ್ಟದಾಚೆ ಹೋದ. ಅವನ ಜೊತೆಗೇ ಆ ವಿದ್ಯೆ ಕಲಿತಿದ್ದ ಕನಾಯಿಮ್ ಈಚೆ ಉಳಿದಳು. ಮೂರು ಬೇಸಿಗೆ ಕುದುರೆ ಹಾಲು ಕಡೆಯುತ್ತ ಬೆಟ್ಟವನ್ನೇ ನೋಡಿದಳು. ಶಿಳ್ಳೆ ಹಾಕಿದರೆ ಇಡೀ ಬೀಡಿಗೇ ಕುತ್ತು.

"ಹಾಲೂ ಹುಳಿಯಾಯ್ತು, ನೀನೂ ಹುಳಿಯಾದೆ ಕಣೇ," ಅಂದಳು ಅಜ್ಜಿ.

"ಅವನು ಬದುಕಿದಾನಾ ಅಂತ ಗೊತ್ತಾದ್ರೆ ಸಾಕಜ್ಜಿ."

"ಇಲ್ಲಿ ಕೂತ್ರೆ ಯಾರು ಹೇಳ್ತಾರೆ? ನನ್ನ ಕುದುರೆ ತಗೊಂಡು ಹೋಗು."

ಕುದುರೆಯೇರಿ ಹೊರಟು, ಬೀಡು ಕಣ್ಣಿಗೆ ಮರೆಯಾದ ಮೇಲೆ, ಬೆಟ್ಟದ ನೆತ್ತಿಯಲ್ಲಿ ಕನಾಯಿಮ್ ಶಿಳ್ಳೆ ಹಾಕಿದಳು. ಗಾಳಿ ಎದ್ದು ಆಚೆಗೆ ಹೋಯಿತು. ಬಹಳ ಹೊತ್ತು ಏನೂ ಬರಲಿಲ್ಲ. ಸಂಜೆಗೆ ಆಚೆಯಿಂದ ತಣ್ಣನೆಯ ಗಾಳಿಯೊಂದು ಅವಳ ಮುಖ ಸವರಿತು. ಅದರೊಳಗೆ ಎರ್ಮೆಕ್‌ನ ಶಿಳ್ಳೆ ಕೇಳಿಸಿತು. ಅವಳು ಅಳುತ್ತಲೇ ಕುದುರೆಯೇರಿ ಆಚೆಯ ಇಳಿಜಾರಿನಲ್ಲಿ ಇಳಿದಳು.