ಗೌರಕ್ಕನ ಕುರಿಗೆ ಹಾಕಿದ ಕೊಸರು

"ನೀರಿಗೆ ಔಷಧಿ ಎಷ್ಟು ಹಾಕಿದ್ರಿ, ಯಜಮಾನ್ರೇ?" ದನದ ಡಾಕ್ಟರಮ್ಮ ಚೈತ್ರ, ಜೊಲ್ಲು ಸುರಿಸುತ್ತಿದ್ದ ಗೌರಕ್ಕನ ಕುರಿಯ ಕಣ್ಣರೆಪ್ಪೆ ಬಿಡಿಸಿ ನೋಡುತ್ತಾ ಕೇಳಿದರು.

"ಬಾಟ್ಲಿ ಮ್ಯಾಲೆ ಬರ್ದಂಗೇ ಕಣಮ್ಮ. ಬಕೀಟಿಗೆ ಒಂದ್ ಮುಚ್ಚಳ," ಅಂದ ನರಸಪ್ಪ.

ಗೌಡಗೆರೆಯ ಆ ಕೇರಿಯಲ್ಲಿ ಕುರಿಗಳ ಮೈಗೆ ಕಚ್ಚಿ ರಕ್ತ ಹೀರುವ ಉಣುಗಿಗೆ ಔಷಧಿ ಕಲಸುವುದು ಅವನೇ. ಬೆಳಿಗ್ಗೆ ತನ್ನ ಕುರಿಗಳಿಗೆ ಅಳೆದು ಒಂದು ಮುಚ್ಚಳ ಹಾಕಿ ಮೈ ತೋಯಿಸಿದ್ದ. ಅವು ಬೇಲಿಯಾಚೆ ಜಾಲಿಕಾಯಿ ಮೆಲ್ಲುತ್ತಾ ಆರಾಮಾಗಿದ್ದವು. ಆಮೇಲೆ ಗೌರಕ್ಕನ ಸರದಿ. ಗಂಡನಿಲ್ಲದ ಹೆಂಗಸು, ಬದುಕು ಅಂತ ಇರುವುದೇ ನಾಲ್ಕು ಕುರಿ. ಅವಳು ನೀರಿಗೆ ಹೋಗಿದ್ದಳು. ರಾಗಿ ಅಳೆಯಲಿ, ಕಡಲೇಕಾಯಿ ಅಳೆಯಲಿ, ಬೇಕಾದವರಿಗೆ ಅಳತೆಯ ಮೇಲೊಂದು ಬೊಗಸೆ ಕೊಸರು ಹಾಕದೆ ಕೊಟ್ಟ ಮನೆತನವಲ್ಲ ನರಸಪ್ಪನದು. ಮುಚ್ಚಳ ಸುರಿದ ಕೈ ತಾನಾಗಿಯೇ ಇನ್ನೊಮ್ಮೆ ಬಾಟ್ಲಿ ಬಗ್ಗಿಸಿತು; ಮತ್ತೂ ಒಮ್ಮೆ. ಹೇಳಿಕೊಂಡರೆ ಕೊಸರಿನ ಪುಣ್ಯ ಹೋಗುತ್ತದೆಂದು ಬಾಯಿ ಬಿಟ್ಟಿರಲಿಲ್ಲ.

"ಅಳತೆ ಸರಿ ಇದ್ರೆ ಇದು ಔಷಧಿದಲ್ಲ," ಅಂದರು ಚೈತ್ರ. "ಉಣುಗು ಸಾಯ್ಬೇಕು, ಕುರಿ ಉಳೀಬೇಕು ಅಂತ ತೂಗಿ ತೂಗಿ ಬೆರೆಸಿರ್ತಾರೆ ಅದನ್ನ. ಇನ್ನೇನೋ ಜಾಡ್ಯ ಇರ್ಬೇಕು." ಚೀಲದಲ್ಲಿ ಸೂಜಿ ಹುಡುಕತೊಡಗಿದರು.

"ಯಾವ್ ಪಾಪಿ ಕಣ್ಣು ಬಿತ್ತೋ!" ಗೌರಕ್ಕ ಕುರಿಯ ಜೊಲ್ಲನ್ನು ಸೆರಗಿನಿಂದ ಒರೆಸಿದಳು. "ನರಸಣ್ಣನ್ ಕುರಿ ನೋಡಿ ಹೆಂಗವೆ. ನನ್ನವ್ಕೇ ಇಂಗಾಗ್ಬೇಕಾ? ಅಣ್ಣಾ, ನೀನಾರ ಯೋಳು, ನಿನ್ ಕೈಯಾರೆ ತಾನೇ ತೋಯ್ಸಿದ್ದು?"

ಆ ಮಾತು ನರಸಪ್ಪನ ಬೆನ್ನಿಗೆ ಬರೆ ಎಳೆದಂತಾಯಿತು. ಹೇಳಿದರೆ ಊರು ಏನಂದೀತು? ತನ್ನ ಕುರಿಗೆ ಸರಿಯಾದ ಅಳತೆ, ಗಂಡನಿಲ್ಲದವಳ ಕುರಿಗೆ ವಿಷ! ಅಷ್ಟರಲ್ಲಿ ಗಬ್ಬದ ಕುರಿಯೊಂದು ಮಂಡಿಯೂರಿ, ಗಡಗಡ ನಡುಗಿ ಅಡ್ಡ ಬಿತ್ತು.

"ಸೂಜಿ ಬ್ಯಾಡ ಕಣಮ್ಮ," ಅಂದ. "ಮೂರ್ ಮುಚ್ಚಳ ಹಾಕ್ಬುಟ್ಟೆ. ವಸಿ ಒಳ್ಳೇದಾಗ್ಲಿ ಅಂತ..."

ಚೈತ್ರ ಸಿಡಿದೆದ್ದರು. "ಮೊದ್ಲೇ ಹೇಳೋಕೆ ಏನಾಗಿತ್ರೀ ನಿಮ್ಗೆ? ಸೋಪು ತನ್ನಿ, ನೀರು ತನ್ನಿ! ಮೈಯೆಲ್ಲಾ ತೊಳೀಬೇಕು!"

ನರಸಪ್ಪ ಕೊಡ ಹೊತ್ತು ಓಡಿದ, ಬಂದ, ಮತ್ತೆ ಓಡಿದ. ಮೂರು ಕುರಿ ಹೇಗೋ ತಲೆಯೆತ್ತಿದವು. ಗಬ್ಬದ್ದು ಏಳಲಿಲ್ಲ, ಉಸಿರಷ್ಟೇ ಆಡುತ್ತಿತ್ತು. ಅದರ ಹೊಟ್ಟೆಗೆ ಸೋಪು ಹಚ್ಚಲು ಅವನು ಕುಕ್ಕರುಗಾಲಲ್ಲಿ ಕೂತ.

ಗೌರಕ್ಕ ಪಕ್ಕಕ್ಕೆ ಬಂದು ಕೂತಳು. ಅವನ ಕೈಯಿಂದ ಸೋಪು ತೆಗೆದುಕೊಂಡಳು. ಕುರಿಯ ತಲೆಯನ್ನು ತೊಡೆಯ ಮೇಲೆ ಎಳೆದುಕೊಂಡು, ಅವನ ಕಡೆ ಬೆನ್ನು ಮಾಡಿ, ತಾನೇ ಉಜ್ಜತೊಡಗಿದಳು.

ನೊರೆ ಹತ್ತಿದ ಕೈಗಳನ್ನು ಎಲ್ಲಿಡಬೇಕೋ ತಿಳಿಯದೆ ನರಸಪ್ಪ ಎದ್ದು, ಹಾಗೇ ಮುಂದೆ ಚಾಚಿಕೊಂಡು ನಿಂತಿದ್ದ.