ಓರಿಲ್ ದ್ವೀಪದ ಹನ್ನೆರಡನೇ ಮುಖ

ಮೇಟಗಳ್ಳಿಯ ಶೆಡ್ಡಿನಲ್ಲಿ ಮಹದೇವಸ್ವಾಮಿ ಮೂವತ್ತೆರಡು ವರ್ಷದಿಂದ ಮರದೊಳಗೆ ಮರ ಕೂರಿಸುತ್ತಿದ್ದ. ಕಪ್ಪು ಬೀಟೆ ಹಲಗೆಯಲ್ಲಿ ಗುಳಿ ತೋಡಿ, ಬಣ್ಣಬಣ್ಣದ ಮರದ ಚೂರುಗಳನ್ನು ಅಂಟಿಸಿ ಚಿತ್ರ ಮಾಡುವ ಇನ್ಲೇ ಕೆಲಸ. ಆನೆ, ಅರಮನೆ, ಬಿಂದಿಗೆ ಹೊತ್ತ ಹೆಂಗಸರು, ಇವನ್ನೆಲ್ಲ ಕಣ್ಣು ಮುಚ್ಚಿ ಮಾಡಿಬಿಡುತ್ತಿದ್ದ. ವಿಮಾನ ನಿಲ್ದಾಣ ಮಾಡಿಕೊಡು ಎಂದು ಮಾತ್ರ ಇದುವರೆಗೆ ಯಾರೂ ಕೇಳಿರಲಿಲ್ಲ.

ಕೇಳಿದವರು ಕೆರಿಬಿಯನ್ ಕಡಲಿನ ಓರಿಲ್ ಎಂಬ ಪುಟ್ಟ ದ್ವೀಪದವರು. ಅಲ್ಲಿ ಹೊಸ ಅಂತಾರಾಷ್ಟ್ರೀಯ ಟರ್ಮಿನಲ್ ಎದ್ದಿತ್ತು. ಬಂದಿಳಿಯುವವರ ಎದುರಿನ ಗೋಡೆಗೆ ಆ ನಿಲ್ದಾಣದ ಕಥೆಯೇ ಎಂಟು ಅಡಿಯ ಹಲಗೆಯಾಗಿ ಬೇಕಿತ್ತು. ಆರ್ಡರ್ ಹಿಡಿದು ತಂದವಳು ಮಗಳು ಸಂಘಮಿತ್ರ. ವರ್ಷದಿಂದ ಕೆಲಸವಿಲ್ಲದೆ ಶೆಡ್ಡಿಗೆ ಬೀಗ ಹಾಕುವ ಮಾತು ನಡೆದಿತ್ತು. ಈ ಹಲಗೆ ಅವರಿಗೆ ಒಪ್ಪಿಗೆಯಾದರೆ ಶೆಡ್ಡು ಉಳಿಯುತ್ತಿತ್ತು, ಇಲ್ಲದಿದ್ದರೆ ಇಲ್ಲ.

ಕಥೆಯೇನೋ ಸೊಗಸಾಗಿತ್ತು. ಮೊದಲು ಬರೀ ಕಬ್ಬಿನ ಗದ್ದೆ. ಯುದ್ಧಕಾಲದಲ್ಲಿ ಊರವರು ಬುಟ್ಟಿಯಲ್ಲಿ ಸುಣ್ಣದಕಲ್ಲು ಹೊತ್ತು ಹಾಕಿದ ರನ್‌ವೇ. ಆಮೇಲೊಂದು ತಗಡಿನ ಶೆಡ್ಡು. ಅಲ್ಲಿ ಪ್ರಯಾಣಿಕರನ್ನು ಕಬ್ಬು ತೂಗುವ ತಕ್ಕಡಿಯ ಮೇಲೆ ನಿಲ್ಲಿಸಿ ತೂಗಿ ವಿಮಾನ ಹತ್ತಿಸುತ್ತಿದ್ದರಂತೆ. ವಿಮಾನ ಇಳಿಯುವ ಮುಂಚೆ ಒಬ್ಬ ಸೈಕಲ್ ತುಳಿದುಕೊಂಡು ಹೋಗಿ ಹಸುಗಳನ್ನು ಅಟ್ಟಿ ಬರುತ್ತಿದ್ದನಂತೆ. ಕೊನೆಗೆ ಗಾಜಿನ ಟರ್ಮಿನಲ್, ಭಾರಿ ಜೆಟ್. ಕಬ್ಬು, ತಕ್ಕಡಿ, ದಾರಿಗಡ್ಡ ನಿಂತ ಹಸು! ಇವನ್ನು ಮಹದೇವಸ್ವಾಮಿಗೆ ಓರಿಲ್‌ನವರು ಹೇಳಿಕೊಡಬೇಕಿತ್ತೇ?

ಹಲಗೆ ಕಳಿಸಲು ಒಂಬತ್ತು ದಿನ ಉಳಿದಿದ್ದಾಗ ಅವನ ತಾಯಿ ಮುದ್ದಮ್ಮ ಊಟದ ಕ್ಯಾರಿಯರ್ ಹಿಡಿದು ಬಂದಳು. ಹಲಗೆಯ ಮುಂದೆ ನಿಂತು ಕಣ್ಣು ಕಿರಿದು ಮಾಡಿದಳು.

"ಬುಟ್ಟಿ ಹೊತ್ತೋರು ಯಾರ್ಲಾ ಇವ್ರು?"

"ಆ ದ್ವೀಪದ ಜನ ಕಣವ್ವ. ರನ್‌ವೇ ಹಾಕ್ದೋರು."

"ಬಿಸ್ಲಲ್ಲಿ ಕಲ್ಲು ಹೊತ್ತೋರು ಇಂಗಿರ್ತಾರಾ? ಮದ್ವೆಗೆ ಅರಿಸ್ನ ಅಚ್ಕೊಂಡಂಗವ್ರಲ್ಲೋ!"

ಸಂಘಮಿತ್ರ ದ್ವೀಪದವರು ಕಳಿಸಿದ್ದ ಹಳೇ ಫೋಟೋ ತಂದು ಪಕ್ಕದಲ್ಲಿ ಹಿಡಿದಳು. ಫೋಟೋದ ಹನ್ನೊಂದು ಜನರೂ ಕಪ್ಪಗೆ ಮಿರಮಿರ ಮಿಂಚುತ್ತಿದ್ದರು. ಹಲಗೆಯ ಹನ್ನೊಂದು ಜನರೂ ಹಳದಿ.

ಮಹದೇವಸ್ವಾಮಿ ಹಲಗೆಯ ಮುಖಗಳ ಮೇಲೆ ಬೆರಳಾಡಿಸಿದ. ಮುಖಕ್ಕೆ ಹಳದಿ ಬಣ್ಣದ ಹಲಸಿನ ಮರ ಎಂದು ಕೆಲಸ ಕಲಿಸಿದವರು ಹೇಳಿದ್ದರು, ಕೈ ತನ್ನ ಪಾಡಿಗೆ ಹಾಗೇ ಕತ್ತರಿಸಿತ್ತು. ಇಷ್ಟು ವರ್ಷದಲ್ಲಿ ತನ್ನ ಬಣ್ಣದ, ತನ್ನ ತಾಯಿಯ ಬಣ್ಣದ ಒಂದು ಮುಖವನ್ನೂ ತಾನು ಮಾಡಿಲ್ಲ ಎಂದು ಈಗ ಹೊಳೆದು ಅವನಿಗೆ ನಾಚಿಕೆಯಾಯಿತು. ನಾಚಿಕೆಯಾದಾಗ ರೇಗುವುದು ಅವನ ಜಾಯಮಾನ.

"ಮುಖಕ್ಕೆ ಕರೀ ಮರ ಆಕುದ್ರೆ ಈ ಬೀಟೆ ಒಳ್ಗೆ ಏನವ್ವ ಕಾಣ್ತದೆ? ಮಣ್ಣು!"

ಮುದ್ದಮ್ಮ ಸುಣ್ಣ ಬಳಿದ ಗೋಡೆಗೆ ಒರಗಿ ಕೂತು ಎಲೆಗೆ ಸುಣ್ಣ ಸವರತೊಡಗಿದಳು. ಮಹದೇವಸ್ವಾಮಿ ಅವಳನ್ನೇ ನೋಡಿದ. ಬಿಳಿ ಗೋಡೆಯ ಮೇಲೆ ಅವಳ ಕಪ್ಪು ಮುಖದ ಒಂದೊಂದು ಸುಕ್ಕೂ ಎದ್ದು ಕಾಣುತ್ತಿತ್ತು.

"ಮಿತ್ರಾ, ಆ ರನ್‌ವೇ ಕಲ್ಲು ಯಾವ ಬಣ್ಣ ಅಂದೆ?"

"ಬೆಳ್ಳಗೆ ಅಪ್ಪ. ಸುಣ್ಣದಕಲ್ಲಲ್ವಾ?"

ಉಳಿ ಕೈಗೆ ಬಂತು. ಬೀಟೆಯಲ್ಲೇ ಖಾಲಿ ಬಿಟ್ಟಿದ್ದ ರನ್‌ವೇಯನ್ನು ಉದ್ದಕ್ಕೂ ತೋಡಿ ಬಿಳಿ ಮರ ಹಾಸಿದ. ಹಳದಿ ಮುಖಗಳನ್ನು ಕಿತ್ತು, ಶೆಡ್ಡಿನಲ್ಲಿದ್ದ ಒಳ್ಳೆಯ ಬೀಟೆಯಿಂದ ಹೊಸ ಮುಖಗಳನ್ನು ಕತ್ತರಿಸಿದ. ಆ ದಿನಗಳಲ್ಲಿ ಅವನು ಊಟಕ್ಕೆ ಕರೆದರೂ ಶಿಳ್ಳೆ ಹಾಕುತ್ತಲೇ ಕೂತಿರುತ್ತಿದ್ದ.

ಎಂಟನೇ ದಿನ ಸಂಜೆ ದ್ವೀಪದ ಅಧಿಕಾರಿ ಡೊರೀನ್ ವಿಡಿಯೋ ಕರೆಯಲ್ಲಿ ಬಂದಳು, ಅರವತ್ತರ ಆಸುಪಾಸಿನ ಹೆಂಗಸು. ಅವಳ ಇಂಗ್ಲಿಷನ್ನು ಸಂಘಮಿತ್ರ ಕನ್ನಡಕ್ಕೆ ತಿರುಗಿಸುತ್ತಿದ್ದಳು. ಮೂರನೇ ಮುಖ ಕಂಡದ್ದೇ ಡೊರೀನ್ "ಇವನು ನಮ್ಮಜ್ಜ!" ಎಂದು ಕೂಗಿ, ನಗುತ್ತಾ ಕಣ್ಣೊರೆಸಿಕೊಂಡಳು. ಆಮೇಲೆ ಬೆರಳಿಟ್ಟು ಎಣಿಸಿದಳು. ಇನ್ನೊಮ್ಮೆ ಎಣಿಸಿದಳು.

"ಫೋಟೋದಲ್ಲಿ ಹನ್ನೊಂದು ಜನ ಇದ್ರಲ್ಲ, ಇಲ್ಲಿ ಹನ್ನೆರಡಿದೆ, ಕೊನೇಲಿ ಸೀರೆ ಉಟ್ಟೋರು ಯಾರು ಅಂತ ಕೇಳ್ತಿದಾರೆ ಅಪ್ಪ." ಸಂಘಮಿತ್ರ ಹಲಗೆಯ ಕಡೆ ತಿರುಗಿದಳು. ಅವಳೂ ಅದನ್ನು ನೋಡಿರಲಿಲ್ಲ.

ಮಹದೇವಸ್ವಾಮಿ ನೆಲ ನೋಡಿದ. "ನಮ್ಮವ್ವ ಅನ್ನು. ಕಡಕೊಳದ ರಸ್ತೇಲಿ ನಮ್ಮೂರ ರನ್‌ವೇಗೆ ಮಣ್ಣು ಹೊತ್ತೋಳು ಅನ್ನು. ಕೈ ತಡೀಲಿಲ್ಲ. ಬ್ಯಾಡ ಅಂದ್ರೆ ಕಿತ್ತಾಕ್ತೀನಿ ಅನ್ನು."

ಡೊರೀನ್ ಆ ತಾಯಿಯನ್ನು ತೋರಿಸಿ ಎಂದಳು. ಮುದ್ದಮ್ಮ ಸೆರಗು ಸರಿಮಾಡಿಕೊಂಡು ಫೋನಿನ ಮುಂದೆ ನಿಂತಳು. ಇಬ್ಬರು ಹೆಂಗಸರೂ ಒಬ್ಬರನ್ನೊಬ್ಬರು ಬಹಳ ಹೊತ್ತು ನೋಡಿದರು.

"ಅವರು ಅಲ್ಲೇ ಇರ್ಲಿ ಅಂತಿದಾರೆ ಅಪ್ಪ!" ಸಂಘಮಿತ್ರ ಕುಣಿದೇಬಿಟ್ಟಳು. "ಬಂದಿಳಿಯೋರ್ನ ಅಜ್ಜೀನೂ ನೋಡ್ಲಿ ಅಂತೆ. ಹಲಗೆ ಒಪ್ಪಿಗೆ!"

ಮರುದಿನ ಬೆಳಿಗ್ಗೆ ಬೆಂಗಳೂರಿನಿಂದ ವಿಮಾನದಲ್ಲಿ ಹೋಗಲಿದ್ದ ಹಲಗೆಯ ಪೆಟ್ಟಿಗೆಯನ್ನು ಮುದ್ದಮ್ಮ ಮೆಲ್ಲಗೆ ತಟ್ಟಿದಳು.

"ಮಣ್ಣು ಹೊತ್ತೂ ಹೊತ್ತೂ ನೆತ್ತಿ ಸವ್ದೋಯ್ತು, ಒಂದಿನಾನೂ ವಿಮಾನ ಅತ್ನಿಲ್ಲ. ಈಗ ನೋಡು, ಟಿಕೀಟಿಲ್ದೆ ವೊಂಟ್ಬುಟ್ಟೆ!"

ಹಮಾಲಿಗಳು ಪೆಟ್ಟಿಗೆಯನ್ನು ಲಾರಿಗೆ ಎತ್ತುವಾಗ ಒಂದು ಮೂಲೆ ಲಾರಿಯ ಅಂಚಿಗೆ ತಾಗಿತು. ಮಹದೇವಸ್ವಾಮಿ ಓಡಿಹೋಗಿ ಎರಡೂ ಕೈಯಲ್ಲಿ ಆನಿಸಿ ಹಿಡಿದ.

"ಮೆತ್ತಗೆ ಕಣ್ರೋ! ಒಳ್ಗೆ ನಮ್ಮವ್ವ ಅವ್ಳೆ!"